ಲೈಮನ್ ಟ್ರಂಬಲ್ ಜೀವನಚಿತ್ರ ಕನ್ನಡದಲ್ಲಿ ಬರೆಯುವುದು ಹೇಗೆ: ಕೋರ್ಟಿನ ಕಡತದಿಂದ ಸೆನೆಟ್‌ವರೆಗೆ

ಹತ್ತೊಂಬತ್ತನೇ ಶತಮಾನದ ಅಮೆರಿಕದ ರಾಜಕಾರಣಿ ಎಂದರೆ ನಮ್ಮ ಕಡೆ ನೆನಪಾಗುವುದು ಲಿಂಕನ್ ಒಬ್ಬನೇ. ಅದೇ ಇಲಿನಾಯ್ ರಾಜ್ಯದಲ್ಲಿ ವಕೀಲಿ ಮಾಡಿ, ಅದೇ ವಿಧಾನಸಭೆಯಲ್ಲಿ ಕೂತು, ಗುಲಾಮಗಿರಿಯನ್ನು ರದ್ದು ಮಾಡಿದ ಸಂವಿಧಾನದ 13ನೇ ತಿದ್ದುಪಡಿಯ ಪಠ್ಯವನ್ನು ಸೆನೆಟ್‌ನ (ಅಮೆರಿಕದ ಸಂಸತ್ತಿನ ಮೇಲ್ಮನೆ) ನ್ಯಾಯಾಂಗ ಸಮಿತಿಯ ಅಧ್ಯಕ್ಷನಾಗಿ ರೂಪಿಸಿ ದಡ ಸೇರಿಸಿದ ಲೈಮನ್ ಟ್ರಂಬಲ್‌ನ ಹೆಸರು ಕೇಳಿದವರು ಕಡಿಮೆ. ಮೈಸೂರು, ಮಂಡ್ಯದ ಕಾಲೇಜು ಸಂಚಿಕೆಗೋ, ವಕೀಲರ ಸಂಘದ ಉಪನ್ಯಾಸಕ್ಕೋ, ಕಿರುಹೊತ್ತಗೆಗೋ ಆತನ ಜೀವನಚಿತ್ರ ಸಿದ್ಧ ಮಾಡುವವರಿಗೆ ಈ ಬರಹ. ಇಲ್ಲಿನ ಕ್ರಮ ಆ ಕಾಲದ ಬೇರೆ ಯಾವ ಅಮೆರಿಕನ್ ವಕೀಲ-ರಾಜಕಾರಣಿಗೂ ಹೊಂದುತ್ತದೆ.

ವಕೀಲನಾಗಿದ್ದು ರಾಜಕೀಯಕ್ಕೆ ಬಂದವರ ಬಗ್ಗೆ ಬರೆಯುವಾಗ ಬಹುತೇಕರು ಕೆಡುವುದು ಒಂದೇ ಕಡೆ. 'ಕೆಲಕಾಲ ವಕೀಲಿ ವೃತ್ತಿ ಮಾಡಿದ' ಎಂದು ಒಂದು ಸಾಲು ಬರೆದು ಹುದ್ದೆಗಳ ಪಟ್ಟಿಗೆ ಇಳಿದುಬಿಡುತ್ತಾರೆ. ಆಗ ಓದುಗನ ಕೈಗೆ ಸಿಗುವುದು ಇಸವಿಗಳ ಸರಮಾಲೆ ಮಾತ್ರ. ಟ್ರಂಬಲ್ 1864ರಲ್ಲಿ ಸೆನೆಟ್‌ನಲ್ಲಿ ಮಾಡಿದ ಕೆಲಸದ ಬೇರು 1845ರ ಒಂದು ಕೂಲಿ ಬಾಕಿ ದಾವೆಯಲ್ಲಿದೆ. ಆ ದಾವೆಯನ್ನು ಬಿಟ್ಟು ಬರೆದರೆ ತಿದ್ದುಪಡಿ ಆಕಾಶದಿಂದ ಉದುರಿದ ಹಾಗೆ ಕಾಣುತ್ತದೆ. ಆದ್ದರಿಂದ ಕೋರ್ಟಿನ ಕಡತವನ್ನೂ ಶಾಸನಸಭೆಯ ಕಡತವನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಕೆಲಸ ಶುರು ಮಾಡಿ.

ಮೊದಲು ಅಳತೆ

ಬರೆಯುವ ಮುಂಚೆಯೇ ಪುಟಗಳ ಲೆಕ್ಕ ಹಾಕಿ. ಡೆಮಿ 1/8 ಆಕಾರದಲ್ಲಿ ಒಂದು ಫಾರಂ ಎಂದರೆ 16 ಪುಟ. ಶೀರ್ಷಿಕೆ ಪುಟ, ಅದರ ಹಿಂಬದಿ, ನಕ್ಷೆಯ ಪುಟ ಕಳೆದರೆ ಬರವಣಿಗೆಗೆ 13 ಪುಟ ಉಳಿಯುತ್ತದೆ. 12 ಪಾಯಿಂಟ್ ಅಕ್ಷರದಲ್ಲಿ ಪುಟಕ್ಕೆ 200ರಿಂದ 220 ಪದ ಹಿಡಿಯುತ್ತದೆ. ಒಟ್ಟು ಸುಮಾರು 2700 ಪದ. ನಿಮಿಷಕ್ಕೆ 90 ಪದದಂತೆ ನಿಧಾನವಾಗಿ ಓದಿದರೆ ಇದೇ ಪಠ್ಯ ಅರ್ಧ ಗಂಟೆಯ ಉಪನ್ಯಾಸವಾಗುತ್ತದೆ, ಎರಡಕ್ಕೂ ಬೇರೆ ಬೇರೆ ಬರೆಯಬೇಕಿಲ್ಲ.

ಈ 2700ರಲ್ಲಿ ಹುಟ್ಟು, ಬಾಲ್ಯ, ಓದಿಗೆ 200 ಪದ ಧಾರಾಳವಾಯಿತು. ವಕೀಲಿಕೆಗೆ 700 ಇಡಿ. ರಾಜ್ಯದ ಹುದ್ದೆಗಳು ಮತ್ತು ನ್ಯಾಯಾಧೀಶಗಿರಿಗೆ 300, 1855ರ ಸೆನೆಟ್ ಚುನಾವಣೆಗೆ 300, 1861ರಿಂದ 1868ರವರೆಗಿನ ವರ್ಷಗಳಿಗೆ 800, ಆಮೇಲಿನದಕ್ಕೆ 400. ಬರೆಯುತ್ತಾ ಹೋದಂತೆ ಲಿಂಕನ್ ಜಾಗ ಕಬಳಿಸಲು ಶುರು ಮಾಡುತ್ತಾನೆ. ಆತನಿಗೆ ಒಟ್ಟಾರೆ 250 ಪದಕ್ಕಿಂತ ಹೆಚ್ಚು ಕೊಡಬೇಡಿ. ಟ್ರಂಬಲ್‌ನ ಹೆಂಡತಿ ಜೂಲಿಯಾ ಮತ್ತು ಲಿಂಕನ್‌ನ ಹೆಂಡತಿ ಮೇರಿ ಗೆಳತಿಯರಾಗಿದ್ದು 1855ರ ಚುನಾವಣೆಯ ನಂತರ ದೂರವಾದ ಕಥೆ ರುಚಿಯಾಗಿದೆ ನಿಜ, ಆದರೆ ಎರಡು ಸಾಲು ಸಾಕು.

200 ಪುಟದ ಉದ್ದ ನೋಟ್‌ಬುಕ್ ಒಂದನ್ನು ತೆಗೆದುಕೊಂಡು ಎದುರುಬದುರು ಪುಟಗಳನ್ನು ಸೇರಿಸಿ ನಾಲ್ಕು ಕಾಲಂ ಎಳೆಯಿರಿ: ತಾರೀಖು, ನಡೆದದ್ದು, ಯಾವ ದಾಖಲೆಯಲ್ಲಿ ಕಂಡದ್ದು (ಪುಟಸಂಖ್ಯೆ ಸಮೇತ), ಆ ಹೊತ್ತಿಗೆ ಮೈಸೂರಿನಲ್ಲಿ ಏನಿತ್ತು. ಮೂರನೇ ಕಾಲಂ ಖಾಲಿ ಇರುವ ಯಾವ ವಿಷಯವೂ ಅಂತಿಮ ಪ್ರತಿಗೆ ಹೋಗಕೂಡದು. ನಾಲ್ಕನೆಯದರ ಉಪಯೋಗ ಮುಂದೆ ಹೇಳಿದೆ.

ತಾರೀಖಿನ ಬಲೆಗಳು

ಅಮೆರಿಕದ ಕಾಂಗ್ರೆಸ್ (ಅಲ್ಲಿನ ಸಂಸತ್ತು) ವೆಬ್‌ಸೈಟಿನಲ್ಲಿರುವ ಸದಸ್ಯರ ಜೀವನಕೋಶದಿಂದ ಅಸ್ಥಿಪಂಜರ ಎತ್ತಿಕೊಳ್ಳಿ. ಪುಕ್ಕಟೆ, ಒಂದೇ ಪ್ಯಾರಾ. ಅಲ್ಲಿ ಸಿಗುವುದು ಇಷ್ಟು: 1813 ಅಕ್ಟೋಬರ್ 12ರಂದು ಕನೆಕ್ಟಿಕಟ್ ರಾಜ್ಯದ ಕೋಲ್ಚೆಸ್ಟರ್‌ನಲ್ಲಿ ಜನನ, ಊರಿನ ಬೇಕನ್ ಅಕಾಡೆಮಿಯಲ್ಲಿ ಓದು, ಮೇಷ್ಟರಗಿರಿ, ಆಮೇಲೆ ಜಾರ್ಜಿಯಾದ ಗ್ರೀನ್‌ವಿಲ್‌ನಲ್ಲಿ ಶಾಲೆಯೊಂದರ ಮುಖ್ಯಸ್ಥ, ಅಲ್ಲೇ ಕಾನೂನು ಕಲಿತು ಸನ್ನದು, 1837ರಲ್ಲಿ ಇಲಿನಾಯ್‌ನ ಬೆಲ್‌ವಿಲ್‌ಗೆ, 1840ರಲ್ಲಿ ರಾಜ್ಯ ವಿಧಾನಸಭೆ, 1841ರಿಂದ 1843 ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್, 1848ರಿಂದ 1853 ರಾಜ್ಯದ ಸುಪ್ರೀಂ ಕೋರ್ಟ್, 1855ರಿಂದ 1873 ಸೆನೆಟ್, 1896 ಜೂನ್ 25ರಂದು ಶಿಕಾಗೋದಲ್ಲಿ ಮರಣ.

ವಯಸ್ಸು ಹೇಳುವಾಗ ಇಸವಿಯಿಂದ ಇಸವಿ ಕಳೆದು ಸುಮ್ಮನಾಗಬೇಡಿ. ಹುಟ್ಟಿದ್ದು ಅಕ್ಟೋಬರಿನಲ್ಲಿ, ಮುಖ್ಯ ಘಟನೆಗಳೆಲ್ಲ ನಡೆದದ್ದು ವರ್ಷದ ಮೊದಲ ಭಾಗದಲ್ಲಿ. ಸೆನೆಟ್‌ಗೆ ಆಯ್ಕೆಯಾದ 1855ರ ಫೆಬ್ರವರಿಯಲ್ಲಿ ಆತನಿಗೆ 41, 42 ಅಲ್ಲ. ಸತ್ತಾಗ 82.

ಇನ್ನೊಂದು ಬಲೆ ಮಾರ್ಚ್ 4. ಆ ಶತಮಾನದಲ್ಲಿ ಅಧ್ಯಕ್ಷ ಮತ್ತು ಕಾಂಗ್ರೆಸ್‌ನ ಅವಧಿ ಆರಂಭವಾಗುತ್ತಿದ್ದದ್ದು ಮಾರ್ಚ್ 4ರಂದು. ಈಗಿನ ಜನವರಿಯ ಪದ್ಧತಿ ಬಂದದ್ದು 1933ರ 20ನೇ ತಿದ್ದುಪಡಿಯಿಂದ. ಹೊಸ ಕಾಂಗ್ರೆಸ್ಸಿನ ಮೊದಲ ಅಧಿವೇಶನವಂತೂ ಸಾಮಾನ್ಯವಾಗಿ ಡಿಸೆಂಬರಿನಲ್ಲಿ. ಅಂದರೆ ನವೆಂಬರಿನಲ್ಲಿ ಗೆದ್ದವನು ಸದನದಲ್ಲಿ ಕೂರುವ ಹೊತ್ತಿಗೆ 13 ತಿಂಗಳು ಕಳೆದಿರುತ್ತಿತ್ತು. ಟ್ರಂಬಲ್ ವಿಷಯದಲ್ಲಿ ಈ ಅಂತರವೇ ಕೈಕೊಡುತ್ತದೆ: 1854ರ ಕೊನೆಯಲ್ಲಿ ಆತ ಕಾಂಗ್ರೆಸ್ಸಿನ ಕೆಳಮನೆಗೆ ಗೆದ್ದ, ಕೂರುವ ಮೊದಲೇ 1855ರ ಫೆಬ್ರವರಿಯಲ್ಲಿ ರಾಜ್ಯದ ಶಾಸಕರು ಆತನನ್ನು ಸೆನೆಟ್‌ಗೆ ಕಳಿಸಿದರು. 'ಕೆಳಮನೆಯ ಸದಸ್ಯನಾಗಿ ಸೇವೆ ಸಲ್ಲಿಸಿ ಸೆನೆಟ್‌ಗೆ ಬಡ್ತಿ ಪಡೆದ' ಎಂದು ಬರೆದರೆ ತಪ್ಪು.

ಕಾಂಗ್ರೆಸ್ಸಿನ ಸಂಖ್ಯೆಯಿಂದ ವರ್ಷ ತಿಳಿಯಲು ಸುಲಭ ಲೆಕ್ಕವಿದೆ. ಸಂಖ್ಯೆಯಲ್ಲಿ 1 ಕಳೆದು, 2ರಿಂದ ಗುಣಿಸಿ, 1789 ಕೂಡಿಸಿ. 38ನೇ ಕಾಂಗ್ರೆಸ್ ಎಂದರೆ 37ರ ಇಮ್ಮಡಿ 74, ಅದಕ್ಕೆ 1789 ಸೇರಿಸಿದರೆ 1863. ದಾಖಲೆಗಳೆಲ್ಲ ಈ ಸಂಖ್ಯೆಯ ಮೇಲೇ ನಿಂತಿರುವುದರಿಂದ ಇದನ್ನು ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಬರೆದಿಟ್ಟುಕೊಳ್ಳಿ.

ಹೆಸರಿನ ಗೊಂದಲವೂ ಉಂಟು. ಕನೆಕ್ಟಿಕಟ್‌ನಲ್ಲಿ ಟ್ರಂಬಲ್ ಮನೆತನ ದೊಡ್ಡದು. ಕ್ರಾಂತಿಯ ಕಾಲದ ಗವರ್ನರ್ ಜೊನಾಥನ್, ಆತನ ಮಗ ಚಿತ್ರಕಾರ ಜಾನ್, ಇತಿಹಾಸಕಾರ ಬೆಂಜಮಿನ್, ಎಲ್ಲರೂ ಟ್ರಂಬಲ್‌ಗಳೇ. ಕೊನೆಯವನು ನಮ್ಮ ಲೈಮನ್‌ನ ಅಜ್ಜ. ಚಿತ್ರ ಹುಡುಕುವಾಗ ಬರೀ ಮನೆತನದ ಹೆಸರು ಹಾಕಿದರೆ ಚಿತ್ರಕಾರನ ಕೃತಿಗಳೇ ತುಂಬಿಬಿಡುತ್ತವೆ.

ವಕೀಲಿಕೆಯ ಭಾಗ

ಇದು ಬರಹದ ಬೆನ್ನೆಲುಬು, ಇಲ್ಲಿ ಅವಸರ ಬೇಡ.

ಆ ಕಾಲದಲ್ಲಿ ಕಾನೂನು ಕಾಲೇಜಿಗೆ ಹೋಗಿ ವಕೀಲರಾದವರು ವಿರಳ. ಹಿರಿಯ ವಕೀಲನೊಬ್ಬನ ಕಚೇರಿಯಲ್ಲಿ ಪುಸ್ತಕ ಓದಿ, ದಾವೆ ಪತ್ರಗಳ ನಕಲು ತೆಗೆದು, ನ್ಯಾಯಾಧೀಶರ ಮುಂದೆ ಮೌಖಿಕ ಪರೀಕ್ಷೆಗೆ ನಿಂತು ಸನ್ನದು ಪಡೆಯುವುದು ವಾಡಿಕೆ. ನಮ್ಮಲ್ಲಿ ಪದವಿ ಮುಗಿಸಿದ ಮೇಲೆ ಸೀನಿಯರ್ ಹತ್ತಿರ ಜೂನಿಯರ್ ಆಗಿ ಸೇರುವುದು ಗೊತ್ತಿದ್ದವರಿಗೆ ಇದನ್ನು ವಿವರಿಸುವುದು ಸುಲಭ. ಅಲ್ಲಿ ಪದವಿಯ ಘಟ್ಟವೇ ಇರಲಿಲ್ಲ ಅಷ್ಟೆ. ಟ್ರಂಬಲ್ ಗ್ರೀನ್‌ವಿಲ್‌ನಲ್ಲಿ ಪಾಠ ಹೇಳುತ್ತಲೇ ಹೈರಮ್ ವಾರ್ನರ್ ಎಂಬಾತನ ಬಳಿ ಹೀಗೆ ಕಲಿತ. 'ಕಾನೂನು ಪದವಿ ಪಡೆದ' ಎಂದು ಎಲ್ಲೂ ಬರೆಯಬೇಡಿ.

ಬೆಲ್‌ವಿಲ್ ಎಲ್ಲಿದೆ ಎಂಬುದನ್ನು ನಕ್ಷೆಯಲ್ಲಿ ತೋರಿಸಲೇಬೇಕು. ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಇಲಿನಾಯ್, ಪಶ್ಚಿಮಕ್ಕೆ ಮಿಸೂರಿ. ಬೆಲ್‌ವಿಲ್‌ನಿಂದ ಹೊಳೆಯಾಚೆಯ ಸೇಂಟ್ ಲೂಯಿಸ್‌ಗೆ ಶ್ರೀರಂಗಪಟ್ಟಣದಿಂದ ಮಂಡ್ಯಕ್ಕಿರುವಷ್ಟೇ ದೂರ. ಆಚೆ ದಡದಲ್ಲಿ ಗುಲಾಮಗಿರಿ ಕಾನೂನುಬದ್ಧ, ಈಚೆ ದಡದಲ್ಲಿ ಹೆಸರಿಗೆ ನಿಷಿದ್ಧ. ನದಿ, ಬೆಲ್‌ವಿಲ್, ಸೇಂಟ್ ಲೂಯಿಸ್, ಕಾಹೋಕಿಯಾ, ಆಲ್ಟನ್, ಸ್ಪ್ರಿಂಗ್‌ಫೀಲ್ಡ್, ಶಿಕಾಗೋ ಇಷ್ಟನ್ನೇ ಕೈಯಲ್ಲಿ ಬರೆದರೂ ನಕ್ಷೆ ಸಾಕು. ಇಡೀ ಅಮೆರಿಕದ ನಕ್ಷೆ ಹಾಕಿದರೆ ಮುಖ್ಯವಾದ ಈ ಅಂಚು ಚುಕ್ಕೆಯಷ್ಟಾಗಿ ಕಾಣೆಯಾಗುತ್ತದೆ.

'ಹೆಸರಿಗೆ ನಿಷಿದ್ಧ' ಎಂದದ್ದಕ್ಕೆ ಕಾರಣವಿದೆ. ಓಹಾಯೋ ನದಿಯ ವಾಯವ್ಯದ ಪ್ರದೇಶಕ್ಕೆ 1787ರಲ್ಲಿ ಮಾಡಿದ ಶಾಸನ, ನಾರ್ತ್‌ವೆಸ್ಟ್ ಆರ್ಡಿನೆನ್ಸ್, ತನ್ನ ಆರನೇ ಕಲಮಿನಲ್ಲಿ ಗುಲಾಮಗಿರಿಯನ್ನು ನಿಷೇಧಿಸಿತ್ತು. ಆದರೆ ಅಲ್ಲಿ ಮೊದಲೇ ನೆಲೆಸಿದ್ದ ಫ್ರೆಂಚ್ ಮನೆತನಗಳು ತಮ್ಮ ಗುಲಾಮರನ್ನೂ ಆ ಗುಲಾಮರ ಮಕ್ಕಳನ್ನೂ ಇಟ್ಟುಕೊಂಡೇ ಇದ್ದವು. ಕರಾರು ಪತ್ರದ ಹೆಸರಿನಲ್ಲಿ ಕಪ್ಪು ಜನರನ್ನು ದೀರ್ಘಕಾಲ ಜೀತಕ್ಕೆ ಕಟ್ಟಿಹಾಕುವುದೂ ನಡೆದಿತ್ತು. ಬೆಲ್‌ವಿಲ್‌ನ ಸುತ್ತಮುತ್ತ ಈ ಸ್ಥಿತಿಯಲ್ಲಿದ್ದವರ ಪರವಾಗಿ ಟ್ರಂಬಲ್ ವಕಾಲತ್ತು ಹಾಕುತ್ತಿದ್ದ.

ಅವುಗಳಲ್ಲಿ ಒಂದೇ ಒಂದು ಮೊಕದ್ದಮೆಯನ್ನು ಆರಿಸಿಕೊಂಡು ಪೂರ್ತಿ ಹೇಳಿ: ಜಾರೋ ವಿರುದ್ಧ ಜಾರೋ, 1845. ಇಲಿನಾಯ್ ಸುಪ್ರೀಂ ಕೋರ್ಟ್ ವರದಿಗಳ 7ನೇ ಸಂಪುಟದ ಮೊದಲ ಪುಟದಲ್ಲೇ ಇದೆ. ಹಳೆಯ ಉಲ್ಲೇಖಗಳಲ್ಲಿ ಇದನ್ನು '2 ಗಿಲ್ಮನ್ 1' ಎಂದೂ ಬರೆದಿರುತ್ತಾರೆ. ಆಗ ಸಂಪುಟಗಳನ್ನು ವರದಿಗಾರನ ಹೆಸರಿನಿಂದ ಕರೆಯುತ್ತಿದ್ದರು. ಎರಡೂ ಒಂದೇ ತೀರ್ಪು, ಎರಡು ಮೊಕದ್ದಮೆ ಎಂದು ಎಣಿಸಬೇಡಿ. ನಮ್ಮ ಕಾನೂನು ಕಾಲೇಜಿನ ಲೈಬ್ರರಿಗಳಲ್ಲಿ ಎಐಆರ್ (ಭಾರತದ ತೀರ್ಪುಗಳ ವರದಿ ಮಾಲೆ) ಸಿಗುತ್ತದೆ, ಇಲಿನಾಯ್‌ನ ಹಳೆಯ ಸಂಪುಟ ಸಿಗುವ ಆಸೆ ಬೇಡ. ಸ್ಕ್ಯಾನ್ ಪ್ರತಿಗಳು ಅಂತರ್ಜಾಲದಲ್ಲಿ ಮುಕ್ತವಾಗಿವೆ.

ವಾದಿ ಜೋಸೆಫ್ ಜಾರೋ, ಪೀಟ್ ಎಂದೂ ಕರೆಯುತ್ತಿದ್ದರು. ಪ್ರತಿವಾದಿ ಜೂಲಿಯಾ ಜಾರೋ, ಕಾಹೋಕಿಯಾದ ಶ್ರೀಮಂತ ಫ್ರೆಂಚ್ ಮನೆತನದ ವಿಧವೆ. ಇಬ್ಬರ ಮನೆತನದ ಹೆಸರೂ ಒಂದೇ ಇರುವುದನ್ನು ನೋಡಿ ಇದು ದಾಯಾದಿಗಳ ಆಸ್ತಿ ವ್ಯಾಜ್ಯ ಎಂದುಕೊಳ್ಳುವವರಿದ್ದಾರೆ. ಒಡೆಯರ ಹೆಸರೇ ಗುಲಾಮರಿಗೂ ಅಂಟಿಕೊಳ್ಳುತ್ತಿತ್ತು, ಅದನ್ನು ಒಂದು ವಾಕ್ಯದಲ್ಲಿ ಬಿಡಿಸಿ ಹೇಳಿ. ಜೋಸೆಫ್ ಹಾಕಿದ್ದು 'ನನಗೆ ಸ್ವಾತಂತ್ರ್ಯ ಕೊಡಿ' ಎಂಬ ಅರ್ಜಿಯಲ್ಲ. ಮಾಡಿದ ಕೆಲಸಕ್ಕೆ ಕೂಲಿ ಕೊಡಿಸಿ ಎಂಬ ದಾವೆ. ಗುಲಾಮನಿಗೆ ಕೂಲಿ ಇಲ್ಲ. ಕೂಲಿ ಸಲ್ಲಬೇಕೆಂದರೆ ಆತ ಸ್ವತಂತ್ರನಿರಬೇಕು. ಹಣದ ದಾವೆಯ ಮೂಲಕ ಸ್ವಾತಂತ್ರ್ಯದ ಪ್ರಶ್ನೆಯನ್ನು ನ್ಯಾಯಾಲಯ ತೀರ್ಮಾನಿಸಲೇಬೇಕಾದ ಸ್ಥಿತಿ ತಂದದ್ದು ಇಲ್ಲಿನ ಜಾಣ್ಮೆ. ಕೆಳಗಿನ ಕೋರ್ಟಿನಲ್ಲಿ ಸೋಲಾಯಿತು. ಅಪೀಲಿನಲ್ಲಿ ಟ್ರಂಬಲ್ ಗೆದ್ದ: ಫ್ರೆಂಚ್ ನಿವಾಸಿಗಳ ಗುಲಾಮರ ಸಂತತಿಯಲ್ಲಿ 1787ರ ಶಾಸನದ ನಂತರ ಹುಟ್ಟಿದವರನ್ನು ಗುಲಾಮರಾಗಿ ಇಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು.

ತೀರ್ಪಿನ ಹಳೆಯ ಇಂಗ್ಲಿಷು ತೊಡಕಿನದು. ಸಿವಿಲ್ ದಾವೆ ನಡೆಸುವ ವಕೀಲರೊಬ್ಬರ ಮುಂದೆ ಕೂತು ದಾವೆಯ ಬಗೆ, ಕೆಳಗಿನ ನ್ಯಾಯಾಧೀಶ ಜ್ಯೂರಿಗೆ ಕೊಟ್ಟ ಸೂಚನೆ, ಅಪೀಲಿನ ಕಾರಣ, ಈ ಮೂರನ್ನು ಬಿಡಿಸಿಕೊಳ್ಳಿ. 'ಸಾರ್, ಇದು ನಮ್ಮಲ್ಲಾದರೆ ಯಾವ ಬಾಬ್ತಿನ ದಾವೆ?' ಎಂಬ ಪ್ರಶ್ನೆಯಿಂದ ಶುರು ಮಾಡಿದರೆ ಅರ್ಧ ಗಂಟೆಯಲ್ಲಿ ಕೆಲಸವಾಗುತ್ತದೆ. ವರದಿಯಲ್ಲಿ ವಕೀಲರ ವಾದದ ಸಾರಾಂಶ ಮೊದಲು, ನ್ಯಾಯಾಧೀಶರ ಅಭಿಪ್ರಾಯ ಆಮೇಲೆ ಬರುತ್ತದೆ. ವಾದದ ಮಾತನ್ನು ತೀರ್ಪಿನ ಮಾತಾಗಿ ಎತ್ತಿ ಬರೆಯುವುದು ಸಾಮಾನ್ಯ ತಪ್ಪು.

ರಾಜ್ಯದ ಹುದ್ದೆಗಳು

ಇವನ್ನು ಬೇಗ ದಾಟಿ, ಆದರೆ ಎರಡು ಕಡೆ ನಿಲ್ಲಿ. ಸೆಕ್ರೆಟರಿ ಆಫ್ ಸ್ಟೇಟ್ ಎಂದರೆ ಇಲ್ಲಿ ವಿದೇಶಾಂಗ ಸಚಿವ ಅಲ್ಲ. ರಾಜ್ಯದ ದಾಖಲೆ, ಮುದ್ರೆ ನೋಡಿಕೊಳ್ಳುವ ಅಧಿಕಾರಿ. ಟ್ರಂಬಲ್‌ಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವನು ಮುಂದೆ ಲಿಂಕನ್‌ನ ಎದುರಾಳಿಯಾಗಿ ಹೆಸರಾದ ಸ್ಟೀಫನ್ ಡಗ್ಲಸ್. 1843ರಲ್ಲಿ ಗವರ್ನರ್ ಥಾಮಸ್ ಫೋರ್ಡ್ ಟ್ರಂಬಲ್‌ನನ್ನು ಆ ಜಾಗದಿಂದ ತೆಗೆದುಹಾಕಿದ.

ಎರಡನೆಯದು ನ್ಯಾಯಾಧೀಶಗಿರಿ. 1848ರ ಹೊಸ ರಾಜ್ಯ ಸಂವಿಧಾನದ ಪ್ರಕಾರ ಇಲಿನಾಯ್ ಸುಪ್ರೀಂ ಕೋರ್ಟಿಗೆ ಮೂವರು ನ್ಯಾಯಾಧೀಶರು, ಅವರನ್ನು ಆರಿಸುವವರು ಮತದಾರರು. 'ನೇಮಕಗೊಂಡ' ಎಂದು ಬರೆದರೆ ಇಡೀ ವ್ಯವಸ್ಥೆಯೇ ತಪ್ಪಾಗಿ ಅರ್ಥವಾಗುತ್ತದೆ. ಆ ಸಂವಿಧಾನದಲ್ಲಿ ನ್ಯಾಯಾಧೀಶರು ತಮ್ಮ ಅವಧಿ ಮುಗಿದು ಒಂದು ವರ್ಷದವರೆಗೆ ಬೇರೆ ಹುದ್ದೆ ಹಿಡಿಯಬಾರದೆಂಬ ನಿಯಮವೂ ಇತ್ತು. ಟ್ರಂಬಲ್ 1853ರಲ್ಲಿ ರಾಜೀನಾಮೆ ಕೊಟ್ಟು 1855ರಲ್ಲಿ ಸೆನೆಟರ್ ಆದಾಗ ವಿರೋಧಿಗಳು ಇದನ್ನೇ ಹಿಡಿದು ಆತನ ಆಯ್ಕೆಯನ್ನು ಪ್ರಶ್ನಿಸಿದರು. ರಾಜ್ಯದ ನಿಯಮ ಸೆನೆಟ್ ಸದಸ್ಯತ್ವವನ್ನು ಕಟ್ಟಿಹಾಕಲಾರದು ಎಂಬ ನಿಲುವು ಗೆದ್ದು, 1856ರಲ್ಲಿ ಸೆನೆಟ್ ಆ ಆಕ್ಷೇಪವನ್ನು ತಳ್ಳಿಹಾಕಿತು. ಕಾನೂನು ವಿದ್ಯಾರ್ಥಿಗಳ ಸಭೆಯಲ್ಲಿ ಮಾತಾಡುವುದಾದರೆ ಇದಕ್ಕೆ ಇನ್ನೂ ನೂರು ಪದ ಕೊಡಬಹುದು.

1855ರ ಫೆಬ್ರವರಿ 8

ಈ ಚುನಾವಣೆಯನ್ನು ಹೇಳುವ ಮೊದಲು, ಆಗ ಸೆನೆಟರುಗಳನ್ನು ಜನ ಆರಿಸುತ್ತಿರಲಿಲ್ಲ, ರಾಜ್ಯದ ಶಾಸಕರು ಆರಿಸುತ್ತಿದ್ದರು ಎಂದು ಸ್ಪಷ್ಟ ಮಾಡಿ. ನೇರ ಚುನಾವಣೆ ಬಂದದ್ದು 1913ರ 17ನೇ ತಿದ್ದುಪಡಿಯಲ್ಲಿ. ರಾಜ್ಯಸಭೆಗೆ ನಮ್ಮ ಶಾಸಕರು ಮತ ಹಾಕುವುದನ್ನು ನೆನಪಿಸಿದರೆ ಮಂಡ್ಯದ ಯಾವ ಓದುಗನಿಗೂ ಮುಂದಿನದು ತಾನಾಗಿ ಅರ್ಥವಾಗುತ್ತದೆ: ಅಡ್ಡ ಮತ, ಬಣ, ಕೊನೇ ಗಳಿಗೆಯ ಕೈಬದಲು ಎಲ್ಲವೂ ಅಲ್ಲಿದ್ದವು.

ಹಿನ್ನೆಲೆ ಇಷ್ಟೇ. 1854ರ ಮೇ 30ರಂದು ಸಹಿಯಾದ ಕ್ಯಾನ್ಸಸ್-ನೆಬ್ರಾಸ್ಕಾ ಕಾಯ್ದೆ ಪಶ್ಚಿಮದ ಪ್ರಾಂತ್ಯಗಳಲ್ಲಿ ಗುಲಾಮಗಿರಿಗೆ ಬಾಗಿಲು ತೆರೆಯಿತು. ಡೆಮಾಕ್ರಟಿಕ್ ಪಕ್ಷದಲ್ಲಿದ್ದ ಟ್ರಂಬಲ್ ಅದನ್ನು ವಿರೋಧಿಸಿ ಸಿಡಿದು ನಿಂತ. ಲಿಂಕನ್ ಆಗ ಡೆಮಾಕ್ರಟರ ಎದುರಾಳಿಯಾದ ವಿಗ್ ಪಕ್ಷದವನು. ಲಿಂಕನ್ ಮಾರನೇ ದಿನ ತನ್ನ ಸ್ನೇಹಿತ ವಾಶ್‌ಬರ್ನ್‌ಗೆ ಬರೆದ ಪತ್ರದ ಪ್ರಕಾರ ಮೊದಲ ಸುತ್ತಿನಲ್ಲಿ ಆತನಿಗೆ 44, ಅಧಿಕಾರದಲ್ಲಿದ್ದ ಸೆನೆಟರ್ ಶೀಲ್ಡ್ಸ್‌ಗೆ 41, ಟ್ರಂಬಲ್‌ಗೆ ಬರೀ 5 ಮತ. ಆ ಐವರು ವಿಗ್ ಒಬ್ಬನಿಗೆ ಮತ ಹಾಕುವುದೇ ಇಲ್ಲವೆಂದು ಕೂತರು. ಡೆಮಾಕ್ರಟರು ಶೀಲ್ಡ್ಸ್‌ನನ್ನು ಬಿಟ್ಟು ಗವರ್ನರ್ ಮ್ಯಾಟಿಸನ್ ಕಡೆ ತಿರುಗಿ ಗೆಲುವಿನ ಹತ್ತಿರ ಬಂದಾಗ, ಲಿಂಕನ್ ತನ್ನವರಿಗೆ ಟ್ರಂಬಲ್‌ಗೆ ಹಾಕಿ ಎಂದ. ಹತ್ತನೇ ಸುತ್ತಿನಲ್ಲಿ ಟ್ರಂಬಲ್ 51 ಮತ ಪಡೆದು ಗೆದ್ದ.

ಇದನ್ನು ಬರೆಯುವಾಗ ಲಿಂಕನ್‌ನ ತ್ಯಾಗದ ಕಥೆಯಾಗಿ ಮಾಡುವ ಆಸೆ ಬರುತ್ತದೆ. ಸುತ್ತುಗಳ ಅಂಕಿಯನ್ನು ಇಟ್ಟರೆ ಸಾಕು. ಐದು ಮತ ಇದ್ದವನು ಹೇಗೆ ಗೆದ್ದ ಎಂಬುದಕ್ಕೆ ಅಂಕಿಯೇ ಉತ್ತರ ಕೊಡುತ್ತದೆ.

ಪಕ್ಷಗಳ ಹೆಸರಿನ ಬಗ್ಗೆ ಎಚ್ಚರ. ಟ್ರಂಬಲ್ ಡೆಮಾಕ್ರಟ್ ಆಗಿದ್ದ, ರಿಪಬ್ಲಿಕನ್ ಆದ, 1872ರಲ್ಲಿ ಲಿಬರಲ್ ರಿಪಬ್ಲಿಕನ್ ಬಣಕ್ಕೆ ಹೋದ, ಆಮೇಲೆ ಮತ್ತೆ ಡೆಮಾಕ್ರಟ್. ಈಗಿನ ಆ ಪಕ್ಷಗಳ ನಿಲುವನ್ನು ಹಿಂದಕ್ಕೆ ಹಚ್ಚಿ ಓದಿದರೆ ಏನೂ ಹೊಂದುವುದಿಲ್ಲ. ಪ್ರತಿ ಸಲ ಪಕ್ಷದ ಹೆಸರು ಬಂದಾಗ ಇಸವಿಯನ್ನೂ ಜೊತೆಗಿಡಿ.

ಸೆನೆಟ್ ದಾಖಲೆ ಓದುವ ಕ್ರಮ

ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ಕಾಂಗ್ರೆಷನಲ್ ಗ್ಲೋಬ್ ಎಂಬ ಕಲಾಪ ವರದಿ ಪುಕ್ಕಟೆ ಇದೆ. ಅದರ ಕಾಲ 1833ರಿಂದ 1873. ಟ್ರಂಬಲ್ ಸೆನೆಟ್ ಬಿಟ್ಟ ವರ್ಷವೇ ಗ್ಲೋಬ್ ನಿಲ್ಲುವುದರಿಂದ ಈ ಒಂದೇ ಮಾಲೆ ಸಾಕು. ಪುಟಕ್ಕೆ ಮೂರು ಕಾಲಂ, ಇರುವೆಯಂಥ ಅಕ್ಷರ. ಯಂತ್ರದ ಹುಡುಕಾಟದಲ್ಲಿ ಅಕ್ಷರ ತಪ್ಪಿ ಎಷ್ಟೋ ಭಾಷಣ ಸಿಗುವುದೇ ಇಲ್ಲ, ಸಿಕ್ಕರೆ ಸಾವಿರಗಟ್ಟಲೆ ಸಣ್ಣಪುಟ್ಟ ಸೂಚನೆಗಳ ಜೊತೆ ಸಿಗುತ್ತದೆ. ಹೆಸರಿನಿಂದ ಹುಡುಕುವ ಬದಲು ಸಂಪುಟದ ಸದಸ್ಯರ ಸೂಚಿಯನ್ನು ನೋಡಿ, ಅಥವಾ ತಾರೀಖು ಹಿಡಿದು ಹೋಗಿ. ಆರಂಭದ ಸಂಪುಟಗಳಲ್ಲಿ ಭಾಷಣಗಳು ಸಂಕ್ಷೇಪ ರೂಪದಲ್ಲಿವೆ. ಅಲ್ಲಿಂದ ಉದ್ಧರಣ ಚಿಹ್ನೆ ಹಾಕಿ ಮಾತು ಎತ್ತಬೇಡಿ. 1860ರ ದಶಕದ ವರದಿ ಹೆಚ್ಚುಕಡಿಮೆ ಆಡಿದ ಮಾತೇ. ಅನುಬಂಧಕ್ಕೆ ಬೇರೆಯೇ ಪುಟಸಂಖ್ಯೆ ಇರುವುದರಿಂದ ಮೂರನೇ ಕಾಲಂನಲ್ಲಿ 'ಅನುಬಂಧ' ಎಂದು ಗುರುತಿಸಿಕೊಳ್ಳಿ.

ನಾಲ್ಕು ತಾರೀಖಿನ ಸುತ್ತ ಓದಿದರೆ ಮುಖ್ಯ ಭಾಗ ಸಿದ್ಧ: 1864ರ ಫೆಬ್ರವರಿ-ಏಪ್ರಿಲ್, 1866ರ ಜನವರಿ, 1866ರ ಏಪ್ರಿಲ್, 1868ರ ಮೇ.

13ನೇ ತಿದ್ದುಪಡಿಯನ್ನು ಸೆನೆಟ್‌ನಲ್ಲಿ ಮೊದಲು ಮಂಡಿಸಿದವನು ಟ್ರಂಬಲ್ ಅಲ್ಲ, ಮಿಸೂರಿಯ ಜಾನ್ ಹೆಂಡರ್ಸನ್, 1864ರ ಜನವರಿಯಲ್ಲಿ. ಅದು ಹೋದದ್ದು ಟ್ರಂಬಲ್ ಅಧ್ಯಕ್ಷನಾಗಿದ್ದ ನ್ಯಾಯಾಂಗ ಸಮಿತಿಗೆ. ಫೆಬ್ರವರಿಯಲ್ಲಿ ಸಮಿತಿಯ ಪಠ್ಯದೊಂದಿಗೆ ಹೊರಬಂತು. ಮ್ಯಾಸಚೂಸೆಟ್ಸ್‌ನ ಸೆನೆಟರ್ ಚಾರ್ಲ್ಸ್ ಸಮ್ನರ್ 'ಕಾನೂನಿನ ಮುಂದೆ ಎಲ್ಲರೂ ಸಮಾನರು' ಎಂಬ ಅರ್ಥದ ಬೇರೆ ಪಠ್ಯ ಬಯಸಿದ, ಆದರೆ ಸಮಿತಿಯದೇ ನಿಂತಿತು. ಏಪ್ರಿಲ್ 8ರಂದು ಸೆನೆಟ್ 38-6ರಿಂದ ಒಪ್ಪಿತು. ಕೆಳಮನೆ ಒಪ್ಪಿದ್ದು 1865 ಜನವರಿ 31ರಂದು, 119-56ರಿಂದ. ರಾಜ್ಯಗಳ ಅನುಮೋದನೆ ಪೂರ್ಣವಾದದ್ದು 1865 ಡಿಸೆಂಬರ್ 6ಕ್ಕೆ. ಈ ಮೂರೂ ತಾರೀಖುಗಳನ್ನು ಬೇರೆಬೇರೆ ಬರಹಗಳು 'ತಿದ್ದುಪಡಿ ಜಾರಿಯಾದ ದಿನ' ಎಂದು ಕೊಡುವುದರಿಂದ ಯಾವುದು ಏನೆಂದು ಹೇಳಿಯೇ ಬರೆಯಿರಿ.

ಈಗ ಇಡೀ ಪುಸ್ತಿಕೆಯ ತಿರುಳು. ಒಂದು ಹಾಳೆಯ ಎಡಕ್ಕೆ 1787ರ ಶಾಸನದ ಆರನೇ ಕಲಮು, ಬಲಕ್ಕೆ 13ನೇ ತಿದ್ದುಪಡಿಯ ಮೊದಲ ಪರಿಚ್ಛೇದ ಬರೆಯಿರಿ. ಗುಲಾಮಗಿರಿಯಾಗಲಿ ಬಲವಂತದ ದುಡಿಮೆಯಾಗಲಿ ಇರಕೂಡದು, ವಿಧಿವತ್ತಾಗಿ ಅಪರಾಧಿಯೆಂದು ತೀರ್ಮಾನವಾದವನಿಗೆ ಶಿಕ್ಷೆಯಾಗಿ ಹೊರತು: ಎರಡರಲ್ಲೂ ಇದೇ ಮಾತು, ಹೆಚ್ಚುಕಡಿಮೆ ಅದೇ ಪದಗಳಲ್ಲಿ. ಬದಲಾದದ್ದು ವ್ಯಾಪ್ತಿ, ಅಲ್ಲಿ 'ಆ ಪ್ರದೇಶದಲ್ಲಿ', ಇಲ್ಲಿ 'ಸಂಯುಕ್ತ ಸಂಸ್ಥಾನದಲ್ಲಿ'. ಜೋಸೆಫ್ ಜಾರೋನ ಕೂಲಿಗಾಗಿ ಟ್ರಂಬಲ್ ನ್ಯಾಯಾಲಯದಲ್ಲಿ ಆಧಾರವಾಗಿ ಹಿಡಿದ ಶಾಸನದ ಮಾತೇ ಹತ್ತೊಂಬತ್ತು ವರ್ಷದ ನಂತರ ಆತನ ಸಮಿತಿಯಿಂದ ಇಡೀ ದೇಶಕ್ಕೆ ಬಂತು. ಆದರೆ 'ಜಾರೋ ಮೊಕದ್ದಮೆಯಿಂದಾಗಿ ತಿದ್ದುಪಡಿ ಬಂತು' ಎಂದು ಕಾರಣದ ಸರಪಳಿ ಕಟ್ಟಬೇಡಿ. ಆ ಶಾಸನದ ಪದಗಳು ಸೆನೆಟ್‌ನ ಎಲ್ಲರಿಗೂ ಪರಿಚಿತ. ಟ್ರಂಬಲ್‌ಗೆ ಅವು ಕೋರ್ಟಿನಲ್ಲಿ ಪರೀಕ್ಷೆಗೆ ನಿಂತು ಗೆದ್ದ ಪದಗಳಾಗಿದ್ದವು ಎಂಬಷ್ಟು ಹೇಳಿದರೆ ದಾಖಲೆ ತಡೆದುಕೊಳ್ಳುತ್ತದೆ. ಶಿಕ್ಷೆಯ ಹೆಸರಿನ ಆ ವಿನಾಯಿತಿಯೂ ಅದೇ ಪದಗಳ ಜೊತೆಗೇ ಬಂತೆಂಬುದನ್ನು ಬಿಡಬೇಡಿ. ಅಂತರ್ಯುದ್ಧದ ನಂತರ ದಕ್ಷಿಣದ ರಾಜ್ಯಗಳು ಕೈದಿಗಳನ್ನು ಗುತ್ತಿಗೆಗೆ ಕೊಟ್ಟು ದುಡಿಸಿದ್ದು ಆ ಕಿಂಡಿಯಿಂದಲೇ.

ತಿದ್ದುಪಡಿಯ ಎರಡನೇ ಪರಿಚ್ಛೇದ ಕಾಂಗ್ರೆಸ್ಸಿಗೆ ಜಾರಿಯ ಕಾನೂನು ಮಾಡುವ ಅಧಿಕಾರ ಕೊಟ್ಟಿತು. ಇದನ್ನೇ ಆಧಾರವಾಗಿಟ್ಟು ಟ್ರಂಬಲ್ 1866 ಜನವರಿ 5ರಂದು ನಾಗರಿಕ ಹಕ್ಕುಗಳ ಮಸೂದೆ ಮಂಡಿಸಿದ: ಅಲ್ಲಿ ಹುಟ್ಟಿದವರು ಪ್ರಜೆಗಳು, ಕರಾರು ಮಾಡಿಕೊಳ್ಳಲು, ದಾವೆ ಹೂಡಲು, ಸಾಕ್ಷಿ ಹೇಳಲು, ಆಸ್ತಿ ಹೊಂದಲು ಅವರಿಗೆ ಬಿಳಿಯರಷ್ಟೇ ಹಕ್ಕು. ಪಟ್ಟಿಯನ್ನು ಗಮನಿಸಿ, ವಕೀಲನ ಕೈ ಅಲ್ಲಿ ಎದ್ದು ಕಾಣುತ್ತದೆ. ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಮಾರ್ಚ್ 27ರಂದು ವೀಟೊ ಮಾಡಿದ. ಸೆನೆಟ್ ಏಪ್ರಿಲ್ 6ರಂದು 33-15, ಕೆಳಮನೆ ಏಪ್ರಿಲ್ 9ರಂದು 122-41 ಮತಗಳಿಂದ ವೀಟೊವನ್ನು ಮೀರಿ ಕಾಯ್ದೆ ಮಾಡಿದವು.

ಅದೇ ಜಾನ್ಸನ್ ಮೇಲೆ ಎರಡು ವರ್ಷಕ್ಕೆ ಮಹಾಭಿಯೋಗ ಬಂದಾಗ ಟ್ರಂಬಲ್ 'ನಿರ್ದೋಷಿ' ಎಂದು ಮತ ಹಾಕಿದ. 1868ರ ಮೇ 16ರ ಮತ 35-19. ಸದಸ್ಯರು 54, ದೋಷಿ ಎನ್ನಲು ಬೇಕಾದ ಮೂರನೇ ಎರಡು ಎಂದರೆ 36; ಒಂದು ಮತ ಸಾಲಲಿಲ್ಲ. ಪಕ್ಷದ ವಿರುದ್ಧ ಹೋದ ಏಳು ರಿಪಬ್ಲಿಕನ್ನರಲ್ಲಿ ಟ್ರಂಬಲ್ ಒಬ್ಬ, 13ನೇ ತಿದ್ದುಪಡಿ ಮಂಡಿಸಿದ ಹೆಂಡರ್ಸನ್ ಇನ್ನೊಬ್ಬ. ವಿಚಾರಣೆಯ ಕಲಾಪ ಗ್ಲೋಬ್‌ನ ಪುರವಣಿಯಲ್ಲಿದೆ, ಮುಖ್ಯ ಸಂಪುಟದಲ್ಲಿ ಹುಡುಕಿ ಬೇಸರಪಡಬೇಡಿ. ಟ್ರಂಬಲ್ ಲಿಖಿತವಾಗಿ ಕೊಟ್ಟ ಅಭಿಪ್ರಾಯವೂ ಅಲ್ಲೇ ಇದೆ. 'ಜಾನ್ಸನ್ ಪರ ನಿಂತ' ಎಂದು ಬರೆಯುವ ಮೊದಲು ಅದನ್ನು ಓದಿ.

ಮೆಚ್ಚುಗೆಯ ಭರದಲ್ಲಿ ಮುಚ್ಚಿಡಬಾರದವು ಕೆಲವಿವೆ. 1850ರ ದಶಕದ ಕೊನೆಯಲ್ಲಿ ಟ್ರಂಬಲ್ ತನ್ನದು ಬಿಳಿಯರ ಪಕ್ಷ ಎಂದು ಸಭೆಯಲ್ಲಿ ಹೇಳಿದವನು. 1866ರ ಮಸೂದೆಯಲ್ಲಿ ಮತದಾನದ ಹಕ್ಕು ಇಲ್ಲವೆಂದು ತಾನೇ ಸ್ಪಷ್ಟ ಮಾಡಿದ. 1871ರಲ್ಲಿ ಬಿಳಿಯರ ರಹಸ್ಯ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನ ಹಿಂಸೆಯ ವಿರುದ್ಧ ತಂದ ಕಾಯ್ದೆಯನ್ನು ರಾಜ್ಯಗಳ ಅಧಿಕಾರದ ಹೆಸರಿನಲ್ಲಿ ವಿರೋಧಿಸಿದ. ಕಪ್ಪು ಜನರು ಕೊಲೆಯಾಗುತ್ತಿದ್ದ ಕಾಲದ ನಿಲುವು ಅದು. ಇದಕ್ಕೂ ಆತನ ಸಾಧನೆಗೆ ಕೊಟ್ಟಷ್ಟೇ ನೇರ ವಾಕ್ಯಗಳನ್ನು ಕೊಡಿ.

ಸೆನೆಟ್‌ನ ನಂತರ

ಇಲ್ಲಿ ಆತ ಮತ್ತೆ ವಕೀಲ. 1876ರ ಅಧ್ಯಕ್ಷ ಚುನಾವಣೆಯ ವ್ಯಾಜ್ಯದಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಟಿಲ್ಡನ್ ಪರ ವಾದಿಸಿದ. 1880ರಲ್ಲಿ ಇಲಿನಾಯ್ ಗವರ್ನರ್ ಹುದ್ದೆಗೆ ನಿಂತು ಸೋತ. ಒಂದೇ ಸಾಲಿನಲ್ಲಿ ಇವನ್ನು ದಾಟಿ 1895ಕ್ಕೆ ಬನ್ನಿ. ರೈಲ್ವೆ ಕಾರ್ಮಿಕರ ನಾಯಕ ಯೂಜೀನ್ ಡೆಬ್ಸ್, ಪುಲ್‌ಮನ್ ಮುಷ್ಕರದಲ್ಲಿ ನ್ಯಾಯಾಲಯದ ತಡೆಯಾಜ್ಞೆ ಮೀರಿದನೆಂದು ಜೈಲು ಶಿಕ್ಷೆಗೆ ಗುರಿಯಾಗಿದ್ದ. ಆ ಮಾರ್ಚ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಆತನ ಪರ ನಿಂತವರು ಕ್ಲಾರೆನ್ಸ್ ಡ್ಯಾರೋ, ಎಸ್. ಎಸ್. ಗ್ರೆಗರಿ ಮತ್ತು 81 ವರ್ಷದ ಟ್ರಂಬಲ್. ಮೇ 27ರಂದು ನ್ಯಾಯಾಲಯ ಸರ್ವಾನುಮತದಿಂದ ಡೆಬ್ಸ್ ವಿರುದ್ಧ ತೀರ್ಪು ಕೊಟ್ಟಿತು; ಅದು ಆ ಕೋರ್ಟಿನ ವರದಿಗಳ 158ನೇ ಸಂಪುಟ, 564ನೇ ಪುಟದಲ್ಲಿದೆ. ಕೂಲಿಯ ದಾವೆಯಿಂದ ಹೊರಟವನು ಕೂಲಿಕಾರರ ದಾವೆಯಲ್ಲಿ ನಿಂತದ್ದು ದಾಖಲೆಯಲ್ಲೇ ಇರುವಾಗ ಅಲಂಕಾರದ ಮಾತು ಬೇಕಿಲ್ಲ.

ನಾಲ್ಕನೇ ಕಾಲಂ

ದೂರದ ಇಸವಿಗಳು ನಮ್ಮ ಓದುಗರಿಗೆ ಹತ್ತಿರವಾಗುವುದು ಮೈಸೂರಿನ ಇಸವಿ ಪಕ್ಕದಲ್ಲಿದ್ದಾಗ. ಜಾನ್ಸನ್ ವಿಚಾರಣೆ ವಾಷಿಂಗ್ಟನ್ನಿನಲ್ಲಿ ನಡೆಯುತ್ತಿದ್ದ 1868ರ ಮಾರ್ಚ್ 27ರಂದು ಮುಮ್ಮಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. ಟ್ರಂಬಲ್ ಗವರ್ನರ್ ಚುನಾವಣೆ ಸೋತ ಮರುವರ್ಷ, 1881ರಲ್ಲಿ, ಅರ್ಧ ಶತಮಾನದ ಬ್ರಿಟಿಷ್ ಕಮಿಷನರ್ ಆಡಳಿತ ಮುಗಿದು ಸಂಸ್ಥಾನ ಚಾಮರಾಜೇಂದ್ರ ಒಡೆಯರ್ ಕೈಗೆ ಬಂತು. ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. ಡೆಬ್ಸ್ ಮೊಕದ್ದಮೆಯ 1895 ನಾಲ್ವಡಿಯವರು ಬಾಲಕರಾಗಿ ಪಟ್ಟಕ್ಕೆ ಬಂದ ವರ್ಷ. ಪುಸ್ತಿಕೆಯಲ್ಲಿ ಇಂಥ ಮೂರು ಉಲ್ಲೇಖ ಸಾಕು, ಪುಟಕ್ಕೊಂದು ಹಾಕಿದರೆ ಎರಡು ಚರಿತ್ರೆಗಳೂ ಕಲಸಿಹೋಗುತ್ತವೆ. ಈ ಕಾಲಂನಲ್ಲಿ 'ಮಂಡ್ಯ ಜಿಲ್ಲೆ' ಎಂದು ಬರೆಯಬೇಡಿ. ಮಂಡ್ಯ ಆಗ ಮೈಸೂರು ಜಿಲ್ಲೆಯ ಭಾಗ, ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ.

ಅಚ್ಚಿಗೆ ಮುನ್ನ

ಹೆಸರುಗಳ ಕಾಗುಣಿತಕ್ಕೆ ಒಂದು ಚೀಟಿ ಮಾಡಿ. ಟ್ರಂಬಲ್, ಟ್ರಂಬುಲ್, ಟ್ರುಂಬುಲ್ ಮೂರೂ ಬೇರೆಬೇರೆ ಪುಟದಲ್ಲಿ ಬಂದರೆ ಮೂವರು ಎನಿಸುತ್ತದೆ. ಅಂಕಿಗಳನ್ನು ಒಂದೇ ಲಿಪಿಯಲ್ಲಿಡಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಯೂನಿಕೋಡ್‌ಗೆ ಪರಿವರ್ತಿಸುವಾಗ ಅರ್ಕಾವತ್ತು, ಅಡ್ಡಗೆರೆ ಕೆಡುತ್ತವೆ. '38-6' ಎಂಬ ಮತದ ಲೆಕ್ಕ '386' ಆಗಿಬಿಟ್ಟರೆ ಓದುಗನಿಗೆ ತಪ್ಪೆಂದು ಹೊಳೆಯುವುದೂ ಇಲ್ಲ. ಮತಗಳ ಅಂಕಿಯನ್ನು ಪ್ರೂಫಿನಲ್ಲಿ ನೋಟ್‌ಬುಕ್ ಪಕ್ಕಕ್ಕಿಟ್ಟು ಬೆರಳಿಟ್ಟು ನೋಡಿ. ಚಿತ್ರಕ್ಕೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಬ್ರೇಡಿ-ಹ್ಯಾಂಡಿ ಸಂಗ್ರಹದ ಭಾವಚಿತ್ರ ಬಳಸಬಹುದು, ಹಕ್ಕಿನ ತೊಡಕಿಲ್ಲ. ಅಡಿಬರಹದಲ್ಲಿ ನಿಖರ ವರ್ಷ ಹಾಕಬೇಡಿ, ಸಂಗ್ರಹದಲ್ಲಿ ಕೊಟ್ಟಿರುವ ಕಾಲಾವಧಿಯನ್ನೇ ಹಾಕಿ.

ಕೊನೆಯ ಪ್ರೂಫನ್ನು ಇಬ್ಬರಿಗೆ ಕೊಡಿ, ಒಬ್ಬರು ಕೋರ್ಟಿನಲ್ಲಿ ಕೆಲಸ ಮಾಡುವವರಿರಲಿ, ಇನ್ನೊಬ್ಬರು ಕೋರ್ಟಿನ ಮೆಟ್ಟಿಲು ಹತ್ತದವರಿರಲಿ. ಮೊದಲನೆಯವರು ಜಾರೋ ಮೊಕದ್ದಮೆಯ ಪ್ಯಾರಾದಲ್ಲಿ ತಪ್ಪು ಹಿಡಿಯಬೇಕು. ಎರಡನೆಯವರು ಅದೇ ಪ್ಯಾರಾ ಓದಿ, ಕೂಲಿ ಕೇಳಿದವನಿಗೆ ಸ್ವಾತಂತ್ರ್ಯ ಹೇಗೆ ಸಿಕ್ಕಿತು ಎಂದು ತಮ್ಮ ಮಾತಿನಲ್ಲಿ ಹೇಳಬೇಕು. ಹೇಳಲು ತಡವರಿಸಿದರೆ ಆ ಪ್ಯಾರಾವನ್ನು ಇನ್ನೊಮ್ಮೆ ಬರೆಯಿರಿ.